ಯೋಗ ಫ್ಲೇಮ್ ಬದಲು ಯೋಗ ಫೈರ್ ಬರುವುದೇಕೆ?

1991ರ ಹೊಡೆದಾಟದ ವಿಡಿಯೋ ಗೇಮ್ ಸ್ಟ್ರೀಟ್ ಫೈಟರ್ 2ರಲ್ಲಿ ಧಾಲ್ಸಿಮ್ ಎಂಬ ಪಾತ್ರದಿಂದ ಬಾಯಿಬೆಂಕಿ (ಯೋಗ ಫ್ಲೇಮ್) ಉಗುಳಿಸಲು ಹೋದಾಗಲೆಲ್ಲ ದೂರ ಹಾರುವ ಬೆಂಕಿಯುಂಡೆಯೇ (ಯೋಗ ಫೈರ್) ಹೊರಡುತ್ತದೆ ಎಂದು ನೀವು ಕೇಳಿದ್ದೀರಿ. ಈ ಎರಡೂ ಪಟ್ಟುಗಳ ಕೊನೆಯ ಭಾಗ ಒಂದೇ ಆಗಿರುವುದರಿಂದ ಹೀಗಾಗುತ್ತದೆ. ಯೋಗ ಫೈರ್‌ಗೆ ಜಾಯ್‌ಸ್ಟಿಕ್ಕನ್ನು ಕೆಳಗಿನಿಂದ ಓರೆಯಾಗಿ ಮುಂದಕ್ಕೆ ತಂದು ಪಂಚ್ ಗುಂಡಿ ಒತ್ತಿದರೆ ಸಾಕು. ಯೋಗ ಫ್ಲೇಮ್‌ಗೆ ಅದೇ ಚಲನೆಯನ್ನು ಹಿಂದಿನ (ಎದುರಾಳಿಗೆ ವಿರುದ್ಧವಾದ) ದಿಕ್ಕಿನಿಂದಲೇ ಆರಂಭಿಸಿ ಪೂರ್ತಿ ಅರ್ಧವೃತ್ತ ಮಾಡಬೇಕು. ಅವಸರದಲ್ಲಿ ಆರಂಭದ 'ಹಿಂದೆ' ಎಂಬ ದಿಕ್ಕು ತಪ್ಪಿಹೋದರೆ, ಉಳಿದ ಕಾಲುವೃತ್ತವನ್ನು ಆಟವು ಯೋಗ ಫೈರ್ ಎಂದೇ ಓದಿಕೊಳ್ಳುತ್ತದೆ.

ಆದ್ದರಿಂದ ಮೊದಲು ಹಿಂದಕ್ಕೆ ಹಿಡಿದು ನಿಲ್ಲಿ. ಎದುರಾಳಿಯ ಹೊಡೆತವನ್ನು ತಡೆಯುವುದಕ್ಕೂ ಅದೇ ದಿಕ್ಕು ಬೇಕಾಗಿರುವುದರಿಂದ, ತಡೆಯುತ್ತಿರುವ ಸ್ಥಿತಿಯಿಂದಲೇ ಅರ್ಧವೃತ್ತಕ್ಕೆ ಜಾರುವುದು ನನಗೆ ಅತ್ಯಂತ ಸುರಕ್ಷಿತವಾದ ಕ್ರಮವೆನಿಸಿದೆ. ಜಾಯ್‌ಸ್ಟಿಕ್ ಮುಂದಿನ ತುದಿ ಮುಟ್ಟಿದ ಕ್ಷಣದಲ್ಲಿ ಪಂಚ್ ಒತ್ತಿ, ಅದಕ್ಕೂ ಮೊದಲಲ್ಲ. ಎದುರಾಳಿ ನಿಮ್ಮ ತಲೆಯ ಮೇಲಿಂದ ಹಾರಿ ಬದಿ ಬದಲಿಸಿದರೆ ದಿಕ್ಕುಗಳೂ ಅದಲುಬದಲಾಗುತ್ತವೆ ಎಂಬುದು ನೆನಪಿರಲಿ.

ಸ್ಟ್ರೀಟ್ ಫೈಟರ್ 4ರಲ್ಲಿ ಯೋಗ ಫ್ಲೇಮ್‌ನ ಅರ್ಧವೃತ್ತವು ಮುಂದಿನಿಂದ ಹಿಂದಕ್ಕೆ ಸಾಗುವುದರಿಂದ ಅಲ್ಲಿ ಈ ಗೊಂದಲ ಬಹುಮಟ್ಟಿಗೆ ಇಲ್ಲ. ಯಾವ ಆವೃತ್ತಿಯಲ್ಲೇ ಆದರೂ ಈ ಜ್ವಾಲೆ ಹತ್ತಿರದವರನ್ನಷ್ಟೇ ಮುಟ್ಟುತ್ತದೆ. ದೂರದಿಂದ ಬಳಸಿದರೆ ಧಾಲ್ಸಿಮ್ ಚೇತರಿಸಿಕೊಳ್ಳುವಷ್ಟರಲ್ಲಿ ಏಟು ಬಿದ್ದಿರುತ್ತದೆ.