ಅಂಕಿಯಿಲ್ಲದ ಗಡಿಯಾರ, ಎರಡೇ ದಿನದ ಓಟ

ಪ್ರಶ್ನೆ: ಮುತ್ತ್ಯಾನ ಕಾಲದ ಜರ್ಮನ್ ಗೋಡೆ ಗಡಿಯಾರ ನಮ್ಮ ಮನೆಯಲ್ಲಿದೆ. ಸಾದಾ ಕಟ್ಟಿಗೆ ಪೆಟ್ಟಿಗೆ, ಡಯಲ್ ಮೇಲೆ ಅಂಕಿಯ ಬದಲು ಬರೀ ಗೆರೆ. 8 ದಿನದ ಚಾವಿ, ಆದರೆ 2 ದಿನಕ್ಕೇ ನಿಲ್ಲುತ್ತದೆ. ನಡೆದಾಗಲೂ ದಿನಕ್ಕೆ 5 ನಿಮಿಷ ಹಿಂದೆ. ‘ಬಿಸಿಲಿಗೆ ಹೀಗಾಗ್ತದ, ಸೆಲ್ ಮಷಿನ್ ಹಾಕಿಸ್ರಿ’ ಎನ್ನುತ್ತಾರೆ. ಹಾಕಿಸಲೇ?
– ಓದುಗರು, ಕಲಬುರಗಿ

ಉತ್ತರ: ಬೇಡ. ಸೆಲ್ ಮಷಿನ್ ಕೂರಿಸಲು ಡಯಲ್ ನಡುವಿನ ತೂತು ಹಿಗ್ಗಿಸಬೇಕಾಗುತ್ತದೆ, ಹಳೆ ಮುಳ್ಳುಗಳೂ ಅದಕ್ಕೆ ಹೊಂದುವುದಿಲ್ಲ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಬೌಹೌಸ್ ಎಂಬ ವಿನ್ಯಾಸ ಶಾಲೆಯ ಕಾಲದ ಈ ಸಾದಾ ಧಾಟಿಯಲ್ಲಿ ಡಯಲ್, ಮುಳ್ಳು ಬಿಟ್ಟರೆ ನೋಡಲು ಇನ್ನೇನಿದೆ?

ಬಿಸಿಲಿನ ಮೇಲೆ ತಪ್ಪು ಹೊರಿಸಬೇಡಿ. 20 ಡಿಗ್ರಿ ಶಾಖ ಏರಿದರೂ ಉಕ್ಕಿನ ಲೋಲಕ ಹಿಗ್ಗಿ ಹಿಂದೆ ಬೀಳುವುದು ದಿನಕ್ಕೆ ಸುಮಾರು 10 ಸೆಕೆಂಡ್, ಹಿತ್ತಾಳೆಯದಾದರೆ 16.

ಮೊದಲು ಸದ್ದು ಕೇಳಿ. ಟಿಕ್, ಟಾಕ್ ನಡುವಿನ ಬಿಡುವು ಸಮ ಇರಬೇಕು. ಕುಂಟುತ್ತಿದ್ದರೆ ಪೆಟ್ಟಿಗೆಯ ಕೆಳಭಾಗವನ್ನು ತುಸುತುಸುವೇ ಎಡಕ್ಕೋ ಬಲಕ್ಕೋ ಸರಿಸಿ, ಸಮ ಬಂದಲ್ಲಿ ಗೋಡೆಗೆ ಪೆನ್ಸಿಲ್ ಗುರುತು ಹಾಕಿ. ಶಹಾಬಾದ್ ಕಲ್ಲಿನ ಗೋಡೆಯಲ್ಲಿ ಸಂದಿನ ಗಾರೆಗೆ ಹೊಡೆದ ಮೊಳೆ ಚಾವಿ ಕೊಟ್ಟಾಗೆಲ್ಲ ಅಲುಗಿ ಸಡಿಲಾಗುತ್ತದೆ. ಡ್ರಿಲ್ ಹಾಕಿಸಿ, ಪ್ಲಗ್ ಕೂರಿಸಿ ಸ್ಕ್ರೂ ಬಿಗಿಸಿ.

ಸದ್ದು ಸಮವಾದ ಮೇಲೂ, ಚಾವಿ ಉಳಿದಿರುವಾಗಲೇ ನಿಂತರೆ ಬಹುತೇಕ ಹಳೆ ಎಣ್ಣೆ ಗಟ್ಟಿಯಾಗಿದೆ ಎಂದೇ ತಿಳಿಯಿರಿ. ಬೇಳೆ ಮಿಲ್ಲಿನ ಧೂಳು ಸೇರಿದರಂತೂ ಅದು ಅಂಟು. ಮೇಲಿಂದ ಹೊಸ ಎಣ್ಣೆ ಬಿಟ್ಟರೆ ಒಂದಿಷ್ಟು ದಿನ ನಡೆದೀತು, ಆದರೆ ಆ ರಾಡಿಯೇ ಅಕ್ಷದ ತುದಿಗಳನ್ನು ಸವೆಸುತ್ತದೆ. ಮಷಿನ್ ಬಿಚ್ಚಿ ತೊಳೆಯಲೇಬೇಕು. ಇದನ್ನು ಮನೆಯಲ್ಲಿ ಮಾಡಬೇಡಿ: ಸ್ಪ್ರಿಂಗ್‌ನ ಬಿಗಿ ಇಳಿಸದೆ ಪ್ಲೇಟ್ ಬಿಚ್ಚಿದರೆ ಬೆರಳಿಗೆ ಗಾಯ ಖಂಡಿತ. ರಿಪೇರಿಯವರಿಗೆ ಒತ್ತಿ ಹೇಳಿ, ಗಡಿಯಾರದ ಎಣ್ಣೆ ಮಾತ್ರ, ಅದೂ ಅಕ್ಷದ ಸುತ್ತಲಿನ ಗುಳಿ ಅರ್ಧ ತುಂಬುವಷ್ಟು. ಚಕ್ರದ ಹಲ್ಲಿಗೆ ಹನಿಯೂ ಬೇಡ. ಕೊಬ್ಬರಿ ಎಣ್ಣೆಯಂತೂ ಡಿಸೆಂಬರ್ ಚಳಿಗೆ ಹೆಪ್ಪುಗಟ್ಟುತ್ತದೆ.

ವೇಗ ಹೊಂದಿಸುವುದು ಕೊನೆಗೆ. ಲೋಲಕದ ಉದ್ದ 25 ಸೆಂ.ಮೀ. ಇದ್ದರೆ, ಕೆಳಗಿನ ನಟ್ ತಿರುವಿ ಗುಂಡನ್ನು 1 ಮಿ.ಮೀ. ಏರಿಸಿದರೆ ದಿನಕ್ಕೆ ಸುಮಾರು 3 ನಿಮಿಷ ವೇಗ ಹೆಚ್ಚುತ್ತದೆ. ಒಂದು ಪೂರ್ತಿ ದಿನ ನೋಡಿಯೇ ಮತ್ತೆ ನಟ್ ಮುಟ್ಟಿ.

ಪ್ರಶ್ನೆ: ನಮ್ಮ ಹಳೆ ಗಡಿಯಾರದ ಗೆರೆಗಳು ಮೊದಲು ಕತ್ತಲಲ್ಲಿ ಹೊಳೆಯುತ್ತಿದ್ದವಂತೆ, ಈಗ ಕಂದಾಗಿವೆ. ಕೆರೆದು ಹೊಸ ಬಣ್ಣ ಹಚ್ಚಬಹುದೇ?
– ಓದುಗರು, ಬೀದರ್

ಉತ್ತರ: ಕೆರೆಯಲೇಬೇಡಿ, ಅದು ರೇಡಿಯಂ ಬಣ್ಣ ಇರಬಹುದು. ಹೊಳೆಯುವ ಸತುವಿನ ಸಲ್ಫೈಡ್ ಕೆಟ್ಟರೂ ರೇಡಿಯಂ ಉಳಿದಿರುತ್ತದೆ, ಅದರ ಅರ್ಧಾಯುಷ್ಯವೇ ಸುಮಾರು 1,600 ವರ್ಷ. ಪುಡಿ ಉಸಿರಿನೊಳಗೆ ಹೋಗುವುದೇ ದೊಡ್ಡ ಅಪಾಯ. ಗಾಜು ತೆಗೆಯದೆ ಹಾಗೇ ಇಡಿ, ರಿಪೇರಿಗೆ ಕೊಡುವಾಗ ಈ ಅನುಮಾನವನ್ನೂ ಮೊದಲೇ ತಿಳಿಸಿ.