ಶವಾಸನಕ್ಕೆ ಹೆದರುವ ಅಕ್ಕ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಮಡಿಕೇರಿಯಲ್ಲಿ ಬಾಡಿಗೆ ಮನೆ, ವಯಸ್ಸು ಐವತ್ತರ ಆಸುಪಾಸು. ನನ್ನ ಹತ್ತಿರ ಸಲಹೆಗೆ ಬರುವ ಅವರನ್ನು ನಾನು ಅಕ್ಕ ಅಂತಲೇ ಕರೆಯುತ್ತೇನೆ. ಮಳೆ ಬಿಟ್ಟ ಮೇಲೆ ಬೀದಿಯ ಹೆಂಗಸರೆಲ್ಲ ಸೇರಿ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ಯೋಗ ಶುರುಮಾಡಿದ್ದರು. ಮಂಜು, ಚಳಿ, ಸ್ವೆಟರ್ ಮೇಲೊಂದು ಶಾಲು. ಅಕ್ಕನಿಗೆ ಅದು ಇಷ್ಟವೇ. ಕಷ್ಟವೆಲ್ಲ ಕೊನೆಯ ಐದು ನಿಮಿಷದ್ದು.

“ಶವಾಸನದಲ್ಲಿ ಎದೆ ಹೊಡ್ಕೊಳ್ಳತ್ತೆ ಮೇಡಂ. ಒಂದಿನ ಎದ್ದು ಮನೆಗೆ ಹೋಗ್ಬಿಟ್ಟೆ. ಸುಮ್ನೆ ಮಲಗೋಕೂ ಬರಲ್ವಾ ಅಂತ ನಕ್ಕರು.”

ನಾನು ಮೊದಲು ಬಿಪಿ, ಥೈರಾಯ್ಡ್ ಕಡೆಗೇ ಯೋಚಿಸಿದೆ. ಪರೀಕ್ಷೆ ಮಾಡಿಸಿದ್ದರು, ಎಲ್ಲ ಸರಿಯಾಗಿತ್ತು. ಎರಡನೇ ಭೇಟಿಯಲ್ಲಿ, ಮಲಗಿದಾಗ ಟೀಚರ್ ಏನು ಹೇಳ್ತಾರೆ ಎಂದು ಕೇಳಿದೆ.

“ಭೂಮಿ ನಿಮ್ಮನ್ನು ಹೊತ್ತಿದೆ, ಭಾರ ಅದಕ್ಕೆ ಬಿಡಿ ಅಂತಾರೆ.”

ಆಮೇಲೆ ಬಹಳ ಹೊತ್ತು ಮಾತಿಲ್ಲ.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಸುತ್ತ ಗುಡ್ಡ ಜಾರಿತಲ್ಲ, ಅಕ್ಕನ ಮನೆಯೂ ಅಂಥದ್ದೇ ಒಂದು ಇಳಿಜಾರಿನಲ್ಲಿತ್ತು. ರಾತ್ರಿ ಮಲಗಿದ್ದಾಗ ನೆಲದ ಅಡಿಯಿಂದ ಲಾರಿಯಲ್ಲಿ ಕಲ್ಲು ಸುರಿದ ಹಾಗೆ ಸದ್ದು. ಉಟ್ಟ ಬಟ್ಟೆಯಲ್ಲೇ ಓಡಿದರು. ಜೀವ ಉಳಿಯಿತು, ಮನೆ ಮತ್ತು ಅರ್ಧ ತೋಟ ಹೋಯಿತು. ಮರುವರ್ಷ ತೋರ ಗ್ರಾಮದಲ್ಲಿ, ಅದರ ಮರುವರ್ಷ ತಲಕಾವೇರಿಯಲ್ಲಿ ಗುಡ್ಡ ಜಾರಿತು, ಎರಡೂ ಆಗಸ್ಟ್‌ನಲ್ಲೇ. ಬೇರೆಯವರನ್ನು ಹೊರುವ ಭೂಮಿಯನ್ನು ಇವರು ಹೇಗೆ ನಂಬಬೇಕು?

ಅಪಾಯ ಕಂಡ ಮೈ ಕಾವಲು ಕಾಯುವುದನ್ನು ಬೇಗ ಬಿಡುವುದಿಲ್ಲ. ಕೈಕಾಲು ಆಡುವಾಗ ಗಮನ ಅಲ್ಲಿರುತ್ತದೆ. ಕಣ್ಣು ಮುಚ್ಚಿ ಅಲುಗಾಡದೆ ಮಲಗಿದರೆ ಕಾವಲುಗಾರನ ಕಣ್ಣು ಕಟ್ಟಿದ ಹಾಗೆ. ಅವನು ಇನ್ನಷ್ಟು ಗಾಬರಿಯಾಗುತ್ತಾನೆ. ಇದನ್ನು ಅಕ್ಕನಿಗೆ ಹೀಗೇ ಹೇಳಿದೆ. “ಹಾಗಾದ್ರೆ ನನ್ನ ತಪ್ಪಲ್ಲ ಅಲ್ವಾ?” ಎಂದರು. ಈ ಮಾತು ಕೇಳದ ವಾರವೇ ನನಗಿಲ್ಲ.

ಯೋಗ ಬಿಡಬೇಡಿ, ಮಲಗುವುದನ್ನು ಬಿಡಿ ಎಂದೆ. ಮೈದಾನದ ಅಂಚಿನ ಸಿಲ್ವರ್ ಮರಕ್ಕೆ ಬೆನ್ನು ಕೊಟ್ಟು, ರಸ್ತೆ ಕಾಣುವ ಹಾಗೆ ಕೂರಬೇಕು. ಕಣ್ಣು ತೆರೆದೇ ಇರಲಿ. ಉಸಿರು ಎಳೆದದ್ದಕ್ಕಿಂತ ನಿಧಾನವಾಗಿ ಬಿಡಬೇಕು, ಆಗ ಎದೆಬಡಿತ ಇಳಿಯುತ್ತದೆ. ಉಸಿರು ಬಿಗಿಹಿಡಿಯುವುದು, ರಭಸದಿಂದ ಉಸಿರು ಹೊರಹಾಕುವ ಕಪಾಲಭಾತಿ ಸದ್ಯಕ್ಕೆ ಬೇಡ. ಬೇಡ ಅನಿಸಿದರೆ ಯಾರನ್ನೂ ಕೇಳದೆ ಎದ್ದು ಹೋಗಬಹುದು. ಟೀಚರಿಗೆ ಇಡೀ ಕತೆ ಹೇಳಬೇಕಿಲ್ಲ. “ಕಣ್ಣು ಮುಚ್ಚಿದರೆ ಗಾಬರಿಯಾಗತ್ತೆ, ಹಿಂದಿನಿಂದ ಬಂದು ಭುಜ ಮುಟ್ಟಬೇಡಿ” ಅಂದರೆ ಸಾಕು.

ಟೀಚರ್ ಒಳ್ಳೆಯವರು. ಮರುದಿನ ಯಾರ ಹೆಸರೂ ಎತ್ತದೆ, ಕಣ್ಣು ಮುಚ್ಚಲೇಬೇಕು ಅಂತೇನಿಲ್ಲ ಎಂದರಂತೆ. ಇನ್ನಿಬ್ಬರು ತಕ್ಷಣ ಕಣ್ಣು ಬಿಟ್ಟರಂತೆ! ಅವರ ಕತೆ ಏನೋ, ಯಾರಿಗೆ ಗೊತ್ತು.

ಆದರೆ ಮಳೆಯ ರಾತ್ರಿ ಮೂರು ಸಲ ಎದ್ದು ಗೋಡೆಗೆ ಕಿವಿ ಕೊಡುವುದು ಆಸನಕ್ಕೆ ಬಗ್ಗುವಂಥದ್ದಲ್ಲ. ಮನೋವೈದ್ಯರನ್ನು ನೋಡಿ ಎಂದೆ. “ನನಗೆ ಹುಚ್ಚಾ?” ಅಂತ ಸಿಟ್ಟಾದರು. ನಾನು ವಾದ ಮಾಡಲಿಲ್ಲ. ರಾತ್ರಿ ತಡೆಯಲಾಗದಿದ್ದರೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಹದಿನೈದು ದಿನ ಬಿಟ್ಟು ತಾವೇ ವೈದ್ಯರ ಹತ್ತಿರ ಹೋದರು. ಈಗ ಚಿಕಿತ್ಸೆ ನಡೆಯುತ್ತಿದೆ.

ಜೂನ್ 21ರ ಯೋಗ ದಿನಕ್ಕೆ ನಮ್ಮಲ್ಲಿ ಮೈದಾನ ಎಲ್ಲಿ ಸಿಗುತ್ತೆ, ಜಡಿಮಳೆ. ಶೀಟಿನ ಹಾಲ್‌ನಲ್ಲಿ ಮಾಡುತ್ತಾರೆ. ಆ ಸದ್ದು ಬೇಡ, ಅವತ್ತು ಮನೆಯಲ್ಲೇ ಇರಿ ಎಂದು ಈಗಲೇ ಹೇಳಿದ್ದೇನೆ.

ಕಳೆದ ಭೇಟಿಯಲ್ಲಿ ಅಕ್ಕ ನಗುತ್ತಾ ಬಂದರು. ಮಗ್ಗುಲಾಗಿ, ಒಂದು ಕಣ್ಣು ಬಿಟ್ಟುಕೊಂಡು ಎರಡು ನಿಮಿಷ ಮಲಗಿದ್ದರಂತೆ. “ಅವತ್ತು ನನ್ನ ನೋಡಿ ನಕ್ಕಿದ್ರಲ್ಲ, ಅವರು ಪಕ್ಕದಲ್ಲೇ ಗೊರಕೆ ಹೊಡೀತಿದ್ರು ಮೇಡಂ!”