‘ಸಿಗರೇಟು ಬಿಟ್ಟು ಎರಡು ವರ್ಷವಾಯಿತು’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

34 ವರ್ಷದ ವ್ಯಕ್ತಿ. ಎಂಟು ತಿಂಗಳಿಂದ ಬೆಳಗಿನ ಕೆಮ್ಮು, ಕಫ, ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸುಯ್ ಎಂಬ ಸದ್ದು. ಹಿಂದೆ ದಿನಕ್ಕೆ 15 ಸಿಗರೇಟು; ಈಗ ಗಾಂಜಾ. “ಮೂರೇ ರೋಲ್ ಸರ್. ಗಿಡದ್ದಲ್ವಾ, ಸಿಗರೇಟಿನಷ್ಟು ಕೆಡುಕಿಲ್ಲ.”

ಹೇಗೆ ಸೇದುತ್ತೀರಿ ಎಂದು ಬಿಡಿಸಿ ಕೇಳಿದಾಗ ಎರಡು ಸಂಗತಿ ತಿಳಿದವು. ರೋಲ್‌ನಲ್ಲಿ ಅರ್ಧಕ್ಕರ್ಧ ತಂಬಾಕು. ಎಳೆದ ಹೊಗೆಯನ್ನು ಹತ್ತು ಹದಿನೈದು ಸೆಕೆಂಡು ಎದೆಯಲ್ಲೇ ಹಿಡಿದಿಡುವ ರೂಢಿ. ಎದ್ದ ಅರ್ಧ ಗಂಟೆಯೊಳಗೆ ಮೊದಲ ರೋಲ್ ಬೇಕೇ ಬೇಕು, ಇದು ನಿಕೋಟಿನ್ ಅವಲಂಬನೆಯ ಸ್ಪಷ್ಟ ಗುರುತು. ಅವರು ತಂಬಾಕು ಬಿಟ್ಟೇ ಇರಲಿಲ್ಲ.

ಎಲೆ ಯಾವುದಾದರೂ ಸುಟ್ಟರೆ ಟಾರು (ಹೊಗೆಯಲ್ಲಿನ ಅಂಟು ಮಸಿ), ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಬಂದೇ ಬರುತ್ತವೆ. 1988ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಎರಡನ್ನೂ ಸೇದುವವರಲ್ಲೇ ಅಳೆದು ನೋಡಿತು: ಗಾಂಜಾ ಸೇದುವಾಗ ಒಳಹೋಗುವ ಟಾರು ತಂಬಾಕಿನ ಸುಮಾರು ಮೂರು ಪಟ್ಟು, ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಏರಿಕೆ ಸುಮಾರು ಐದು ಪಟ್ಟು. ಫಿಲ್ಟರ್ ಇಲ್ಲದಿರುವುದು, ದೊಡ್ಡ ದಮ್ಮು, ಉಸಿರು ಹಿಡಿಯುವುದು ಇದಕ್ಕೆ ಕಾರಣ. ಹಾಗಾಗಿ ‘ಮೂರೇ’ ಎಂಬ ಲೆಕ್ಕ ಮೋಸದ್ದು.

ಇನ್ನೊಂದು ಮಗ್ಗುಲನ್ನೂ ಮುಚ್ಚಿಡಲಿಲ್ಲ. ಶ್ವಾಸಕೋಶದ ಕ್ಯಾನ್ಸರ್, ಸಿಒಪಿಡಿ (ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ) ಎರಡಕ್ಕೂ ತಂಬಾಕು ಕಾರಣವೆಂಬುದು ಖಚಿತ. ಗಾಂಜಾದ ವಿಷಯದಲ್ಲಿ ಕ್ಯಾನ್ಸರಿನ ನಂಟು ಸ್ಪಷ್ಟವಾಗಿ ಕಂಡಿಲ್ಲ. ಆದರೆ ವರ್ಷಗಟ್ಟಲೆ ವಿಪರೀತ ಸೇದಿದವರ ಮಾಹಿತಿ ಕಡಿಮೆ. ದಿನವೂ ಸೇದುವವರಲ್ಲಿ ಕೆಮ್ಮು, ಕಫ, ಉಬ್ಬಸ ಹೆಚ್ಚುವುದಕ್ಕೆ ಮಾತ್ರ ಗಟ್ಟಿ ಪುರಾವೆಯಿದೆ. ಹೆದರಿಸಲೆಂದು ಇದಕ್ಕಿಂತ ಹೆಚ್ಚು ಹೇಳಿದರೆ, ಸೇದುವವರು ಉಳಿದ ಮಾತನ್ನೂ ನಂಬುವುದಿಲ್ಲ. ಇವರ ರೋಲ್‌ನಲ್ಲಂತೂ ಎರಡೂ ಅಪಾಯ ಜೊತೆಗಿದ್ದವು.

ಕೊಟ್ಟ ಸಲಹೆ: ಮೊದಲು ಸ್ಪೈರೋಮೆಟ್ರಿ, ಅಂದರೆ ಊದಿಸಿ ಉಸಿರು ಅಳೆಯುವ ಪರೀಕ್ಷೆ. ಶ್ವಾಸನಾಳ ಹಿಗ್ಗಿಸುವ ಔಷಧಿಯ ನಂತರವೂ ಎಫ್‌ಇವಿ1/ಎಫ್‌ವಿಸಿ ಅನುಪಾತ (ಜೋರಾಗಿ ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬಂದ ಪಾಲು) 0.70ಕ್ಕಿಂತ ಕೆಳಗಿದ್ದರೆ ಶ್ವಾಸಕೋಶ ತಜ್ಞರ ಭೇಟಿ. ಹೊಗೆ ಹಿಡಿದಿಡುವುದನ್ನು ಇಂದೇ ನಿಲ್ಲಿಸಬೇಕು. ಅಮಲಿನ ಅಂಶ ಮೊದಲ ಕೆಲವೇ ಸೆಕೆಂಡಿನಲ್ಲಿ ರಕ್ತ ಸೇರುತ್ತದೆ, ಆಮೇಲೆ ಹಿಡಿದಿಟ್ಟಷ್ಟೂ ಅಂಟುವುದು ಟಾರು.

ತಂಬಾಕಿನ ಜಾಗಕ್ಕೆ, ವೈದ್ಯರನ್ನು ಕೇಳಿ, 4 ಮಿ.ಗ್ರಾಂ ನಿಕೋಟಿನ್ ಗಮ್. ಇಲ್ಲಿ ಬಹಳ ಜನ ಎಡವುತ್ತಾರೆ: ಮಾಮೂಲಿ ಗಮ್ಮಿನಂತೆ ಅಗಿದು ರಸ ನುಂಗಿದರೆ ಬಿಕ್ಕಳಿಕೆ, ಎದೆಯುರಿ, ಚಡಪಡಿಕೆ ಹಾಗೇ ಉಳಿಯುತ್ತದೆ. ಖಾರ ತಟ್ಟುವವರೆಗೆ ನಿಧಾನ ಅಗಿದು ಕೆನ್ನೆ–ಒಸಡಿನ ನಡುವೆ ಇಟ್ಟು, ಖಾರ ಇಳಿದಾಗ ಮತ್ತೆ ಅಗಿಯಬೇಕು. ಒಂದು ಗಮ್ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲಿಂದ ಕಾಫಿ, ಹುಳಿ ಪಾನೀಯ ಬೇಡ.

ಗಾಂಜಾ ಬಿಟ್ಟ ಒಂದೆರಡು ದಿನದಲ್ಲಿ ಸಿಡುಕು, ನಿದ್ದೆಗೇಡು, ಬೆವರು, ವಿಚಿತ್ರ ಕನಸು ಶುರುವಾಗುತ್ತವೆ. ಮೊದಲ ವಾರವೇ ಕಷ್ಟದ್ದು. ನಿದ್ದೆ ಸರಿಹೋಗಲು ಇನ್ನೂ ಕೆಲವು ವಾರ ಬೇಕು. ಇದನ್ನು ಮುಂಚೆಯೇ ಹೇಳಿದ್ದರಿಂದ ಅವರು ಗಾಬರಿಯಾಗಲಿಲ್ಲ.

ಕಫದಲ್ಲಿ ರಕ್ತ, ಇಲ್ಲವೇ ಒಂದು ಬದಿಯಲ್ಲಿ ಹಠಾತ್ ಎದೆನೋವು–ಉಸಿರುಗಟ್ಟುವಿಕೆ ಬಂದರೆ ನೇರ ಆಸ್ಪತ್ರೆಗೆ.

ನಾಲ್ಕನೇ ವಾರ: ತಂಬಾಕು ನಿಂತಿದೆ, ಕಫ ಕಡಿಮೆ. ರಾತ್ರಿಯ ಒಂದು ರೋಲ್ ಇನ್ನೂ ಬಿಟ್ಟಿಲ್ಲ.